ಬಲಮುರಿ, ಎಡಮುರಿ: ಅಣುವಿನ ಕೈ ಯಾವುದೆಂದು ಹೇಳುವ ಬಗೆ

ನನ್ನ ಮೊಮ್ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ದಸರಾ ರಜೆಗೆ ಬಂದವಳು ಸಾವಯವ ರಸಾಯನಶಾಸ್ತ್ರದ ದಪ್ಪ ಪುಸ್ತಕವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, "ತಾತ, ಅಣುವಿನ ಹೆಸರಿನ ಮುಂದೆ ಬರೆಯುವ ಆರ್ ಎಂದರೆ ಬೆಳಕನ್ನು ಬಲಕ್ಕೆ ತಿರುಗಿಸುವ ಅಣು, ಎಸ್ ಎಂದರೆ ಎಡಕ್ಕೆ ತಿರುಗಿಸುವ ಅಣು, ಅಲ್ಲವೇ?" ಎಂದು ಕೇಳಿದಳು. ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ 31 ವರ್ಷ ಪೋಲಾರಿಮೀಟರಿಗೆ ಕಣ್ಣಿಟ್ಟು ಕುಳಿತವನು ನಾನು. ಬೆಳಕು ತಿರುಗುವುದನ್ನು, ಅಂದರೆ ಅದರ ಕಂಪನದ ಸಮತಲ ಹೊರಳುವುದನ್ನು, ಆ ಉಪಕರಣದಲ್ಲಿ ದಿನಕ್ಕೆ ನಲವತ್ತು ಸಲ ಅಳೆದು ನೋಡಿದ್ದೇನೆ. "ಅಲ್ಲಮ್ಮಾ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ" ಎಂದೆ. ಅವಳು ನಂಬಲಿಲ್ಲ. ನಂಬಿಸಲು ಮೂರು ದಿನ ಬೇಕಾಯಿತು. ಆ ಮೂರು ದಿನ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವ ಸಾಮಾನು ಚಪಾತಿ ಹಿಟ್ಟು, ತೆಂಗಿನ ಪೊರಕೆಯ ಕಡ್ಡಿ, ಸ್ವಲ್ಪ ತರಕಾರಿ, ಒಂದು ಲ್ಯಾಪ್‌ಟಾಪ್, ಪೋಲರಾಯ್ಡ್ ತಂಪು ಕನ್ನಡಕ ಮತ್ತು ಅರ್ಧ ಕಿಲೋಗೆ ಕೊಂಚ ಕಡಿಮೆ ಸಕ್ಕರೆ.

ಎಡ, ಬಲ ಎಂಬ ಮಾತು ಎಷ್ಟು ಮೋಸದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಕಾವೇರಿ ದಂಡೆಯಲ್ಲಿ ಬಲಮುರಿ, ಎಡಮುರಿ ಎಂದು ಊರುಗಳೇ ಇವೆ. ಬಲಮುರಿ ಗಣಪನಿಗೆ ಬೇರೆಯೇ ಮರ್ಯಾದೆ, ಬಲಮುರಿ ಶಂಖಕ್ಕೆ ಬೇರೆಯೇ ಬೆಲೆ. ಆದರೆ ಆ ಅಪರೂಪದ ಬಲಮುರಿ ಶಂಖವನ್ನು ಜೀವಶಾಸ್ತ್ರ ಓದಿದವರ ಕೈಗೆ ಕೊಟ್ಟು ನೋಡಿ, "ಇದು ಎಡಸುರುಳಿ" ಎನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ನಾವು ನೀರು ಬಿಡುವ ಮೂತಿಯನ್ನು ಮೇಲೆ ಮಾಡಿ ಹಿಡಿಯುತ್ತೇವೆ, ಅವರು ಸುರುಳಿಯ ಮೊನೆಯನ್ನು ಮೇಲೆ ಮಾಡಿ ಹಿಡಿಯುತ್ತಾರೆ. ಶಂಖ ಅದೇ, ಹಿಡಿದ ರೀತಿ ಬೇರೆ, ಹೆಸರು ಬೇರೆ. ಆದರೆ ಹೇಗೆ ಹಿಡಿದರೂ ಬಲಮುರಿ ಶಂಖವನ್ನು ಎಡಮುರಿ ಶಂಖದ ಮೇಲೆ ಸರಿಯಾಗಿ ಕೂರಿಸಲು ಆಗುವುದಿಲ್ಲ. ಆ ಕೂರದಿರುವ ಗುಣಕ್ಕೇ ಕೈರಾಲಿಟಿ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕೈಗೆ ಇರುವ ಪದದಿಂದ ಲಾರ್ಡ್ ಕೆಲ್ವಿನ್ 1893ರ ಉಪನ್ಯಾಸವೊಂದರಲ್ಲಿ ಇದನ್ನು ಕಟ್ಟಿದರು. ನಮಗೂ 'ಕೈ' ಎಂದೇ ಕೇಳಿಸುವುದು ಬರಿಯ ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ಕೈರಲ್ ಇಂಗಾಲವನ್ನು ಹುಡುಕುವುದು

ಪುಸ್ತಕದಲ್ಲಿ ಅಣುವಿನ ಚಿತ್ರ ಕೊಟ್ಟರೆ ಮೊದಲು ಪೆನ್ಸಿಲ್ ತೆಗೆದುಕೊಂಡು ಬೇಡದ್ದನ್ನು ಹೊಡೆದುಹಾಕಿ. ಜೋಡಿ ಬಂಧವಿರುವ ಇಂಗಾಲ ಬೇಡ, ಅದಕ್ಕೆ ನಾಲ್ಕು ಕೈಗಳಿಲ್ಲ. ಎರಡು ಅಥವಾ ಮೂರು ಜಲಜನಕ ಹೊತ್ತ ಇಂಗಾಲ ಬೇಡ. ಉಳಿದವುಗಳಲ್ಲಿ ಒಂದೊಂದರ ಮೇಲೂ ಬೆರಳಿಟ್ಟು ನಾಲ್ಕು ದಿಕ್ಕಿಗೂ ನಡೆದು ನೋಡಿ. ನಾಲ್ಕೂ ದಾರಿ ಬೇರೆಬೇರೆಯಾಗಿದ್ದರೆ ಅದೇ ನಿಮ್ಮ ಇಂಗಾಲ, ಪಕ್ಕದಲ್ಲಿ ನಕ್ಷತ್ರ ಹಾಕಿ. ಮೊಮ್ಮಗಳು ಮಾಡುತ್ತಿದ್ದ ತಪ್ಪು ಒಂದೇ: ಪಕ್ಕದ ಪರಮಾಣುವನ್ನು ಮಾತ್ರ ನೋಡಿ "ಎರಡೂ ಕಡೆ ಇಂಗಾಲವೇ ಇದೆ, ಎರಡೂ ಒಂದೇ" ಎಂದು ಮುಂದೆ ಹೋಗುವುದು. ಒಂದು ಕಡೆ ಒಂದು ಇಂಗಾಲಕ್ಕೇ ದಾರಿ ಮುಗಿದು, ಇನ್ನೊಂದು ಕಡೆ ಎರಡಕ್ಕೆ ಮುಗಿದರೂ ಅವು ಬೇರೆಯೇ. ಬೀದಿಯ ಕೊನೆಯವರೆಗೂ ನಡೆಯಬೇಕು.

ಹಿಟ್ಟಿನ ಉಂಡೆ, ಪೊರಕೆ ಕಡ್ಡಿ

ಇದನ್ನು ತಲೆಯೊಳಗೇ ತಿರುಗಿಸಿ ನೋಡುತ್ತೇನೆ ಎನ್ನುವವರಿಗೆ ನನ್ನ ನಮಸ್ಕಾರ. ನನ್ನ ಕೈಲಂತೂ ಆಗುವುದಿಲ್ಲ. ಕಾಗದ ಚಪ್ಪಟೆ, ಅಣು ಚಪ್ಪಟೆಯಲ್ಲ. 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಎಂಬ ಇಬ್ಬರು ಯುವಕರು, ಇಂಗಾಲದ ನಾಲ್ಕು ಕೈಗಳು, ಅಂದರೆ ಬಂಧಗಳು, ಮೂರು ಆಯಾಮಗಳಲ್ಲಿ ನಾಲ್ಕು ಮೂಲೆಗೆ ಚಾಚಿಕೊಂಡಿರುತ್ತವೆ ಎಂದು ಬೇರೆಬೇರೆಯಾಗಿ ಕುಳಿತು ಹೇಳಿದರು. ಆಗ ಅದನ್ನು ಹಂಗಿಸಿದವರೂ ಇದ್ದರು.

ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನಲ್ಲಿ ನಿಂಬೆಗಾತ್ರದ ಎರಡು ಉಂಡೆ ಮಾಡಿ. ಒಂದು ಉಂಡೆಗೆ ಮೂರು ಕಡ್ಡಿಗಳನ್ನು ಮುಕ್ಕಾಲಿಯ ಕಾಲುಗಳಂತೆ ಚುಚ್ಚಿ ನಿಲ್ಲಿಸಿ. ನಾಲ್ಕನೆಯದನ್ನು ನೆತ್ತಿಯಿಂದ ನೇರ ಮೇಲಕ್ಕೆ ಚುಚ್ಚಿ. ಯಾವ ಕಡ್ಡಿಯನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರೂ ಆಕೃತಿ ಒಂದೇ ಥರ ಕಾಣಬೇಕು. ಹಾಗೆ ಕಾಣದಿದ್ದರೆ ಕಾಲುಗಳನ್ನು ಅಗಲಿಸಿ ಅಥವಾ ಒಳಗೆ ತನ್ನಿ. ಎರಡು ಕಡ್ಡಿಗಳ ನಡುವಿನ ಕೋನ ಸುಮಾರು 109.5 ಡಿಗ್ರಿ ಬರಬೇಕು, ಆದರೆ ಕೋನಮಾಪಕ ಹಿಡಿಯುವಷ್ಟು ನಿಷ್ಠೆ ಬೇಡ.

ಮೊದಲ ಅಣುವಾಗಿ ಲ್ಯಾಕ್ಟಿಕ್ ಆಮ್ಲವನ್ನು ಆರಿಸಿಕೊಂಡೆವು, ಮೊಸರಿನ ಹುಳಿ. ನಡುವಿನ ಇಂಗಾಲಕ್ಕೆ ಹೈಡ್ರಾಕ್ಸಿಲ್ ಗುಂಪು, ಕಾರ್ಬಾಕ್ಸಿಲ್ ಗುಂಪು, ಮಿಥೈಲ್ ಗುಂಪು ಮತ್ತು ಒಂದು ಜಲಜನಕ ಅಂಟಿವೆ. ಹೈಡ್ರಾಕ್ಸಿಲ್‌ಗೆ ಕಪ್ಪು ದ್ರಾಕ್ಷಿ, ಕಾರ್ಬಾಕ್ಸಿಲ್‌ಗೆ ಕ್ಯಾರೆಟ್ ತುಂಡು, ಮಿಥೈಲ್‌ಗೆ ನೆನೆಸಿದ ಬಟಾಣಿ. ಜಲಜನಕಕ್ಕೆ ಏನೂ ಬೇಡ, ಬರಿಯ ಕಡ್ಡಿಯೇ ಜಲಜನಕ. ಇದು ನನ್ನ ಸ್ವಂತ ಉಪಾಯ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಒಂದು ಮಾದರಿ ಆದಮೇಲೆ ಅದನ್ನು ಕನ್ನಡಿಯ ಮುಂದಿಡಿ. ಕನ್ನಡಿಯೊಳಗೆ ಕಾಣುವುದನ್ನು ನೋಡಿಕೊಂಡು ಎರಡನೆಯದನ್ನು ಕಟ್ಟಿ. ಈಗ ಎರಡನ್ನೂ ಕೈಗೆತ್ತಿಕೊಂಡು ಒಂದರ ಮೇಲೊಂದು ಹೊಂದಿಸಲು ಪ್ರಯತ್ನಿಸಿ. ದ್ರಾಕ್ಷಿಗೆ ದ್ರಾಕ್ಷಿ, ಬರಿ ಕಡ್ಡಿಗೆ ಬರಿ ಕಡ್ಡಿ ಹೊಂದಿಸಿದರೆ, ಕ್ಯಾರೆಟ್ ಇರಬೇಕಾದಲ್ಲಿ ಬಟಾಣಿ ಇರುತ್ತದೆ. ಮೊಮ್ಮಗಳು ಹತ್ತು ನಿಮಿಷ ತಿರುಗಿಸಿದಳು, ಮಗ್ಗುಲಾಗಿಸಿದಳು, ತಲೆಕೆಳಗು ಮಾಡಿದಳು. ಆಗಲಿಲ್ಲ. ಆ ಹತ್ತು ನಿಮಿಷ ಅವಳಿಗೆ ಒಂದು ಅಧ್ಯಾಯಕ್ಕೆ ಸಮನಾಯಿತು. ನೀವೂ ಬಿಡಬೇಡಿ, ಮಾಡಿ. ಈ ಜೋಡಿಗೆ ಎನಾನ್ಷಿಯೋಮರ್‌ಗಳು ಎಂದು ಹೆಸರು. ಸಮಪಾಲು ಬೆರೆತಿದ್ದರೆ ಆ ಬೆರಕೆ ರೇಸಿಮಿಕ್. ಇನ್ನೊಂದು ಆಟವನ್ನೂ ಆಡಿ: ಒಂದೇ ಮಾದರಿಯಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಅದು ತನ್ನ ಜೋಡಿಯಾಗಿಬಿಡುತ್ತದೆ. ಮತ್ತೊಂದು ಸಲ ಯಾವುದಾದರೂ ಎರಡನ್ನು ಬದಲಿಸಿದರೆ ಮೊದಲಿನದೇ ವಾಪಸ್. ಪರೀಕ್ಷೆಯಲ್ಲಿ ಇದು ಬಹಳ ಕೆಲಸಕ್ಕೆ ಬರುತ್ತದೆ.

ಆರ್ ಅಥವಾ ಎಸ್: ತೊಟ್ಟು ಹಿಡಿದು ನೋಡಿ

ಕಾನ್, ಇಂಗೋಲ್ಡ್ ಮತ್ತು ಪ್ರೆಲಾಗ್ ಎಂಬ ಮೂವರು 1956ರಲ್ಲಿ, ಮತ್ತೆ 1966ರಲ್ಲಿ ವಿಸ್ತಾರವಾಗಿ ಮಾಡಿಕೊಟ್ಟ ನಿಯಮ ಇದು. ನಿಯಮ ಎಂಬ ಮಾತನ್ನು ಗಮನದಲ್ಲಿಡಿ. ಶಂಖವನ್ನು ಹೇಗೆ ಹಿಡಿಯಬೇಕೆಂದು ಎಲ್ಲರೂ ಕೂಡಿ ಮಾಡಿಕೊಂಡ ಒಪ್ಪಂದ, ಅಷ್ಟೇ.

ಇಂಗಾಲಕ್ಕೆ ನೇರವಾಗಿ ಅಂಟಿದ ಪರಮಾಣುಗಳ ಪರಮಾಣು ಸಂಖ್ಯೆ ನೋಡಿ. ದೊಡ್ಡದಕ್ಕೆ ಮೊದಲ ಮಣೆ. ಲ್ಯಾಕ್ಟಿಕ್ ಆಮ್ಲದಲ್ಲಿ ಆಮ್ಲಜನಕಕ್ಕೆ 8, ಎರಡು ಇಂಗಾಲಗಳಿಗೆ 6, ಜಲಜನಕಕ್ಕೆ 1. ಹಾಗಾಗಿ ದ್ರಾಕ್ಷಿ ಮೊದಲನೆಯದು, ಬರಿ ಕಡ್ಡಿ ಕೊನೆಯದು. ನಡುವೆ ಕ್ಯಾರೆಟ್ಟೋ ಬಟಾಣಿಯೋ? ಎರಡೂ ಇಂಗಾಲ, ಜಗಳ. ಒಂದು ಹೆಜ್ಜೆ ಮುಂದೆ ನಡೆದು ಆ ಇಂಗಾಲಕ್ಕೆ ಏನೇನು ಅಂಟಿದೆ ನೋಡಿ. ಕಾರ್ಬಾಕ್ಸಿಲ್‌ನ ಇಂಗಾಲಕ್ಕೆ ಮೂರು ಆಮ್ಲಜನಕ, ಯಾಕೆಂದರೆ ಜೋಡಿ ಬಂಧದ ಆಮ್ಲಜನಕವನ್ನು ಎರಡು ಸಲ ಎಣಿಸಬೇಕು. ಮಿಥೈಲ್‌ಗೆ ಮೂರು ಜಲಜನಕ. ಕ್ಯಾರೆಟ್ ಗೆದ್ದಿತು. ಸಾಲು ಹೀಗಾಯಿತು: ದ್ರಾಕ್ಷಿ, ಕ್ಯಾರೆಟ್, ಬಟಾಣಿ, ಬರಿ ಕಡ್ಡಿ.

ಈಗ ಬರಿ ಕಡ್ಡಿಯನ್ನು ಹೂವಿನ ತೊಟ್ಟಿನಂತೆ ಹಿಡಿದು, ಉಳಿದ ಮೂರು ನಿಮ್ಮ ಮುಖಕ್ಕೆ ಅರಳಿರುವಂತೆ ಮಾಡಿಕೊಳ್ಳಿ. ಜಲಜನಕಕ್ಕೆ ಏನನ್ನೂ ಚುಚ್ಚದೆ ಬಿಟ್ಟದ್ದು ಇದಕ್ಕೇ. ದ್ರಾಕ್ಷಿಯಿಂದ ಕ್ಯಾರೆಟ್, ಕ್ಯಾರೆಟ್‌ನಿಂದ ಬಟಾಣಿ, ಹೀಗೆ ಕಣ್ಣು ಓಡಿಸಿ. ಗಡಿಯಾರದ ಮುಳ್ಳಿನಂತೆ ಹೋದರೆ ಆರ್, ಅಪ್ರದಕ್ಷಿಣೆಯಾಗಿ ಹೋದರೆ ಎಸ್. ಲ್ಯಾಟಿನ್ನಿನ ರೆಕ್ಟಸ್ ಮತ್ತು ಸಿನಿಸ್ಟರ್ ಪದಗಳ ಮೊದಲ ಅಕ್ಷರಗಳು ಇವು. ಓಡಿ ದಣಿದಾಗ ನಮ್ಮ ಸ್ನಾಯುಗಳಲ್ಲಿ ಹುಟ್ಟುವುದು ಎಸ್. ಮೊಸರಿನಲ್ಲಿ ಯಾವುದು ಹೆಚ್ಚು ಎಂಬುದು ಅದರೊಳಗಿನ ಬ್ಯಾಕ್ಟೀರಿಯಾದ ಜಾತಿಯ ಮೇಲಿದೆ: ಒಂದು ಜಾತಿ ಒಂದು ಕೈಯದನ್ನು ಮಾಡಿದರೆ ಇನ್ನೊಂದು ಜಾತಿ ಮತ್ತೊಂದು ಕೈಯದನ್ನು ಮಾಡುತ್ತದೆ.

ಪರೀಕ್ಷೆಗೆ ಚಪಾತಿ ಹಿಟ್ಟು ಒಯ್ಯಲು ಬಿಡುವುದಿಲ್ಲ. ಕಾಗದದ ಮೇಲೆ ದಪ್ಪ ಬೆಣೆ ಗೆರೆ ನಿಮ್ಮ ಕಡೆಗೆ ಬರುವ ಬಂಧ, ತುಂಡು ಗೆರೆ ಹಿಂದಕ್ಕೆ ಹೋಗುವ ಬಂಧ. ಕೊನೆಯ ಮಣೆಯದು ತುಂಡು ಗೆರೆಯಲ್ಲಿದ್ದರೆ ಹಾಗೆಯೇ ಓದಿ. ಬೆಣೆ ಗೆರೆಯಲ್ಲಿದ್ದರೆ ಹಾಗೆಯೇ ಓದಿ ಉತ್ತರವನ್ನು ತಿರುಗಿಸಿ ಬರೆಯಿರಿ. ಕಾಗದದ ಸಮತಲದಲ್ಲೇ ಇದ್ದರೆ ಮೇಲೆ ಹೇಳಿದ ಅದಲುಬದಲಿನ ಉಪಾಯ: ಅದನ್ನು ತುಂಡು ಗೆರೆಯಲ್ಲಿರುವುದರ ಜೊತೆ ಬದಲಿಸಿ ಓದಿ, ಉತ್ತರ ತಿರುಗಿಸಿ. ಅಣುವನ್ನು ಅಡ್ಡ, ಉದ್ದ ಗೆರೆಗಳ ಶಿಲುಬೆಯಂತೆ ಬರೆಯುವ ಫಿಷರ್ ಚಿತ್ರದಲ್ಲಿ ಅಡ್ಡ ಗೆರೆಗಳು ತಬ್ಬಿಕೊಳ್ಳಲು ಬಂದ ತೋಳುಗಳಂತೆ ನಿಮ್ಮ ಕಡೆಗೇ ಇರುತ್ತವೆ. ಹಾಗಾಗಿ ಜಲಜನಕ ಅಡ್ಡ ಗೆರೆಯಲ್ಲಿದ್ದರೆ ಉತ್ತರ ಯಾವಾಗಲೂ ಉಲ್ಟಾ.

ಔಷಧಿ ಡಬ್ಬಿಯಿಂದ ಒಂದು ಲೆಕ್ಕ

ನಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ನೆಗಡಿ, ತುರಿಕೆಯ ಮಾತ್ರೆಗಳು ಎರಡು ಬಗೆಯವು ಇದ್ದವು. ಒಂದು ಸೆಟಿರಿಜಿನ್, 10 ಮಿಲಿಗ್ರಾಂ. ಇನ್ನೊಂದು ಲಿವೋಸೆಟಿರಿಜಿನ್, 5 ಮಿಲಿಗ್ರಾಂ. ಅರ್ಧ ತೂಕ ಏಕೆ? ಮೊದಲನೆಯದು ರೇಸಿಮಿಕ್, ಎರಡೂ ಕೈಗಳು ಸಮಪಾಲು. ಹೆಚ್ಚುಕಡಿಮೆ ಎಲ್ಲ ಕೆಲಸವನ್ನೂ ಮಾಡುವುದು ಆರ್ ಕೈ. ಅದೊಂದನ್ನೇ ಬೇರ್ಪಡಿಸಿ ಕೊಟ್ಟರೆ ಅರ್ಧ ಸಾಕು. ಎರಡನ್ನೂ ಹಿಡಿದು ತೋರಿಸಿದಾಗ ಮೊಮ್ಮಗಳ ಮುಖ ನೋಡಬೇಕಿತ್ತು.

ಇದರ ಕೈರಲ್ ಇಂಗಾಲಕ್ಕೆ ಆರ್, ಎಸ್ ಹಚ್ಚುವುದು ಒಳ್ಳೆಯ ಅಭ್ಯಾಸ, ಯಾಕೆಂದರೆ ಜಗಳ ಬಹಳ ದೂರ ಹೋಗುತ್ತದೆ. ಅದಕ್ಕೆ ಅಂಟಿರುವುದು ಒಂದು ಸಾರಜನಕ, ಒಂದು ಬರಿಯ ಬೆಂಜೀನ್ ಉಂಗುರ, ಎದುರು ತುದಿಯಲ್ಲಿ ಕ್ಲೋರಿನ್ ಹೊತ್ತ ಇನ್ನೊಂದು ಬೆಂಜೀನ್ ಉಂಗುರ, ಮತ್ತೆ ಜಲಜನಕ. ಸಾರಜನಕ ಮೊದಲು, ಜಲಜನಕ ಕೊನೆ. ಎರಡು ಉಂಗುರಗಳ ನಡುವೆ? ಮೊದಲ ಹೆಜ್ಜೆ ಸಮ. ಎರಡನೇ ಹೆಜ್ಜೆ ಸಮ. ಮೂರನೆಯದೂ ಸಮ. ಉಂಗುರದ ಎದುರು ತುದಿಗೆ ಬಂದಾಗ ಒಂದು ಕಡೆ ಕ್ಲೋರಿನ್, 17. ಇನ್ನೊಂದು ಕಡೆ ಜಲಜನಕ. ಅಲ್ಲಿಗೆ ತೀರ್ಪು. ಮೊದಲ ವ್ಯತ್ಯಾಸ ಎಲ್ಲಿ ಸಿಕ್ಕಿತೋ ಅಲ್ಲೇ ನಿಲ್ಲಬೇಕು. ಆಚೆಗೆ ಚಿನ್ನವೇ ಇದ್ದರೂ ನೋಡುವಂತಿಲ್ಲ.

ಮೂಗಿಗೂ ಕೈ ಗೊತ್ತಾಗುತ್ತದೆ. ಅಡುಗೆಮನೆಯ ಪುದೀನದ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್‌ನ ಆರ್ ಕೈ. ಸಬ್ಬಸಿಗೆ ಬೀಜದಲ್ಲಿರುವುದು ಅದೇ ಕಾರ್ವೋನ್‌ನ ಎಸ್ ಕೈ. ಸೊಪ್ಪನ್ನಲ್ಲ, ಬೀಜವನ್ನು ಜಜ್ಜಿ ಮೂಸಿ, ಪಕ್ಕದಲ್ಲಿ ಪುದೀನ ಎಲೆಯನ್ನು ಹೊಸಕಿ ಮೂಸಿ. ನಮ್ಮ ಮೂಗಿನ ಗ್ರಾಹಕಗಳೂ ಕೈರಲ್ ಆದ್ದರಿಂದ ಎಡಗೈಗೆ ಬಲಗೈ ಕವಚ ಹೊಂದುವುದಿಲ್ಲ. ಇದೇ ಪಾಠದ ಜೊತೆ "ಕಿತ್ತಳೆಯಲ್ಲಿ ಲಿಮೋನೀನ್‌ನ ಒಂದು ಕೈ, ನಿಂಬೆಯಲ್ಲಿ ಇನ್ನೊಂದು ಕೈ" ಎಂದೂ ಹೇಳಿಕೊಡುತ್ತಾರೆ. ಅದು ಸುಳ್ಳು. ಎರಡರಲ್ಲೂ ಹೆಚ್ಚಾಗಿ ಇರುವುದು ಆರ್ ಲಿಮೋನೀನ್.

ತಾಲಿಡೊಮೈಡ್ ಕಥೆಯನ್ನೂ ಅರ್ಧವೇ ಹೇಳುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ನಿದ್ರೆ ಮಾತ್ರೆ ಅದು. ಗರ್ಭಿಣಿಯರು ತೆಗೆದುಕೊಂಡು, ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದರು. 1961ರ ಕೊನೆಯಲ್ಲಿ ಅಲ್ಲಿ ಹಿಂತೆಗೆದುಕೊಂಡರು. "ಒಂದು ಕೈ ಔಷಧ, ಇನ್ನೊಂದು ಕೈ ವಿಷ, ಬೇರ್ಪಡಿಸಿ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ" ಎಂಬುದು ತರಗತಿಯ ಮಾತು. ಆದರೆ ಆ ಅಣುವಿನ ಕೈರಲ್ ಇಂಗಾಲದ ಮೇಲಿನ ಜಲಜನಕ ಸಡಿಲ. ಶರೀರದೊಳಗೆ ಅದು ಕಳಚಿ ಮತ್ತೆ ಅಂಟುವಾಗ ಆರ್ ಎಸ್ ಆಗುತ್ತದೆ, ಎಸ್ ಆರ್ ಆಗುತ್ತದೆ. ಶುದ್ಧ ಆರ್ ಕೊಟ್ಟರೂ ತಾಯಿಯ ರಕ್ತದಲ್ಲಿ ಎರಡೂ ಇರುತ್ತಿದ್ದವು.

ಹುಣಸೆಹಣ್ಣಿನ ಆಮ್ಲ, ಎರಡು ಕೈರಲ್ ಇಂಗಾಲ

ಎರಡು ನಕ್ಷತ್ರಗಳಿರುವ ಅಣುವಿಗೆ ನಮ್ಮ ಹುಣಸೆಹಣ್ಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಎರಡು ಉಂಡೆಗಳನ್ನು ಒಂದು ಕಡ್ಡಿಯಿಂದ ಜೋಡಿಸಿ, ಪ್ರತಿಯೊಂದಕ್ಕೂ ದ್ರಾಕ್ಷಿ, ಕ್ಯಾರೆಟ್, ಬರಿ ಕಡ್ಡಿ ಚುಚ್ಚಿ. ಒಂದೊಂದಕ್ಕೂ ಎರಡು ಕೈ, ಹಾಗಾಗಿ ನಾಲ್ಕು ಬಗೆ ಸಿಗಬೇಕು ಎಂದು ಮೊಮ್ಮಗಳು ನಾಲ್ಕು ಮಾದರಿ ಕಟ್ಟಿದಳು. ಆರ್-ಆರ್, ಎಸ್-ಎಸ್, ಆರ್-ಎಸ್, ಎಸ್-ಆರ್. ಕೊನೆಯ ಎರಡನ್ನು ತಿರುಗಿಸಿ ನೋಡಿದರೆ ಅವು ಒಂದೇ! ಅದಕ್ಕೆ ಮೀಸೋ ಎಂದು ಹೆಸರು. ಅದರ ಅರ್ಧ ಭಾಗ ಇನ್ನರ್ಧಕ್ಕೆ ಕನ್ನಡಿ ಹಿಡಿದಂತಿರುತ್ತದೆ, ಒಂದು ಕಡೆ ಬಲಕ್ಕೆ ತಿರುಗಿಸಿದ್ದನ್ನು ಇನ್ನೊಂದು ಕಡೆ ಎಡಕ್ಕೆ ತಿರುಗಿಸಿ ಸೊನ್ನೆ ಮಾಡುತ್ತದೆ. ಹುಣಸೆಯಲ್ಲಿರುವುದು ಆರ್-ಆರ್.

1848ರಲ್ಲಿ ಪ್ಯಾರಿಸ್‌ನಲ್ಲಿ, 25 ವರ್ಷದ ಲೂಯಿ ಪಾಶ್ಚರ್ ಕೈಗೆ ಸಿಕ್ಕಿದ್ದು ಇದೇ ಆಮ್ಲ, ಅವರಿಗೆ ದ್ರಾಕ್ಷಾರಸದಿಂದ. ಬೆಳಕನ್ನು ತಿರುಗಿಸದ ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ, ಭೂತಗನ್ನಡಿಯಲ್ಲಿ ನೋಡಿ, ಬಲಮುರಿ ಹರಳು ಒಂದು ಕಡೆ, ಎಡಮುರಿ ಹರಳು ಒಂದು ಕಡೆ ಎಂದು ಚಿಮುಟದಿಂದ ಆರಿಸಿ ರಾಶಿ ಮಾಡಿದರು. ಅಕ್ಕಿ ಆರಿಸಿದ ಹಾಗೆ. ಒಂದು ರಾಶಿ ಬೆಳಕನ್ನು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಿಸಿತು. ಬೆಳಕಿನ ತಿರುವನ್ನು ದ್ರವಗಳಲ್ಲಿ 1815ರಲ್ಲೇ ಕಂಡಿದ್ದ ಹಿರಿಯ ವಿಜ್ಞಾನಿ ಬಿಯೋ ನಂಬದೆ, ತಮ್ಮ ಎದುರಿಗೇ ಮತ್ತೊಮ್ಮೆ ಮಾಡಿಸಿ ನೋಡಿದರು. ಆ ಲವಣ ಹಾಗೆ ಬೇರೆಬೇರೆ ಹರಳಾಗುವುದು ಸುಮಾರು 27 ಡಿಗ್ರಿಗಿಂತ ತಂಪಿದ್ದಾಗ ಮಾತ್ರ. ಮಂಡ್ಯದ ಏಪ್ರಿಲ್‌ನಲ್ಲಿ ಕುಳಿತಿದ್ದರೆ ಪಾಶ್ಚರ್‌ಗೆ ಒಂದೇ ಬಗೆಯ ಹರಳು ಸಿಗುತ್ತಿತ್ತು.

ಬೆಳಕಿನ ತಿರುವನ್ನು ಮನೆಯಲ್ಲಿ ಅಳೆಯುವುದು

ಇದು ನನ್ನ ಜಾಗ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸದ ಸಕ್ಕರೆಯನ್ನು 'ಪೋಲ್' ಎಂದೇ ಕರೆಯುತ್ತೇವೆ. ಪೋಲಾರಿಮೀಟರಿನಲ್ಲಿ ಓದಿದ್ದು ಎಂದು ಅರ್ಥ. 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿಲಿಲೀಟರಿಗೆ ಕರಗಿಸಿ 20 ಸೆಂ.ಮೀ. ಉದ್ದದ ನಳಿಗೆಯಲ್ಲಿ ತುಂಬಿದರೆ ಸೋಡಿಯಂ ದೀಪದ ಹಳದಿ ಬೆಳಕು ಸುಮಾರು 34.6 ಡಿಗ್ರಿ ಬಲಕ್ಕೆ ತಿರುಗುತ್ತದೆ. ಲೆಕ್ಕ ಸರಳ: ಸಕ್ಕರೆಯ ವಿಶಿಷ್ಟ ಆವರ್ತನೆ (ಒಂದು ಡೆಸಿಮೀಟರ್ ಉದ್ದಕ್ಕೆ, ಮಿಲಿಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಆಗುವ ತಿರುವು) 66.5, ಉದ್ದ ಡೆಸಿಮೀಟರಿನಲ್ಲಿ 2, ಮಿಲಿಲೀಟರಿಗೆ 0.26 ಗ್ರಾಂ. ಮೂರನ್ನೂ ಗುಣಿಸಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಳಿಗೆಯ ಮುಚ್ಚಳವನ್ನು ಸೋರಬಾರದೆಂದು ಬಲವಾಗಿ ಬಿಗಿಯುತ್ತಿದ್ದೆ. ಓದು ಒಂದೊಂದು ಸಲಕ್ಕೆ ಒಂದೊಂದು. ಬಿಗಿತಕ್ಕೆ ತುದಿಯ ಗಾಜೇ ಒತ್ತಡಕ್ಕೆ ಸಿಕ್ಕಿ ಬೆಳಕನ್ನು ಕೆಡಿಸುತ್ತದೆ ಎಂದು ಗೊತ್ತಾಗಲು ಒಂದು ವಾರ ಬೇಕಾಯಿತು. ಇನ್ನೊಂದು ಸಲ ಬೆಳಿಗ್ಗೆ ತೆಗೆದಿಟ್ಟ ರಸವನ್ನು ಮಧ್ಯಾಹ್ನ ಊಟ ಮುಗಿಸಿ ಬಂದು ಓದಿದೆ, ಪೋಲ್ ಇಳಿದಿತ್ತು. ಮುಖ್ಯ ಕೆಮಿಸ್ಟ್ ಬಂದು ನೋಡಿ, "ನೀನು ಅಳೆದಿರುವುದು ರಸವನ್ನಲ್ಲ, ನಿನ್ನ ಸೋಮಾರಿತನವನ್ನು" ಎಂದರು. ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಸಕ್ಕರೆಯನ್ನು ಒಡೆಯತೊಡಗಿದ್ದವು. ಒಡೆದರೆ ಏನಾಗುತ್ತದೆಂದು ನೀವೇ ನೋಡುವಿರಿ.

ಲ್ಯಾಪ್‌ಟಾಪ್ ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆದಿಡಿ. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಮೊದಲೇ ಧ್ರುವೀಕೃತ, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವಂಥದ್ದು. ತಂಪು ಕನ್ನಡಕವನ್ನು ಕಣ್ಣಿಗೆ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು, ಒಂದು ಗಾಜಿನ ಮೂಲಕ ಪರದೆ ನೋಡುತ್ತ ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾದರೆ ನಿಮ್ಮ ಕನ್ನಡಕ ನಿಜವಾದ ಪೋಲರಾಯ್ಡ್. ಆಗದಿದ್ದರೆ ಅಂಗಡಿಯವನು ಬಣ್ಣದ ಗಾಜು ಕೊಟ್ಟಿದ್ದಾನೆ. (ನನ್ನದು ಹಾಗೆಯೇ ಆಯಿತು, ಅಳಿಯನದನ್ನು ಎರವಲು ಪಡೆದೆ.) ಕಪ್ಪಾದ ಆ ಕೋನವೇ ನಿಮ್ಮ ಸೊನ್ನೆ, ಗುರುತು ಮಾಡಿಕೊಳ್ಳಿ.

400 ಗ್ರಾಂ ಸಕ್ಕರೆಯನ್ನು 200 ಗ್ರಾಂ ನೀರಿನಲ್ಲಿ ಬೆಚ್ಚಗೆ ಮಾಡಿ ಕರಗಿಸಿ, ಕುದಿಸಬೇಡಿ. ಬೆಲ್ಲ ಬೇಡ, ಬೆಳಕು ದಾಟುವುದಿಲ್ಲ. ತಣಿದ ಮೇಲೆ ಸಪಾಟು ಗೋಡೆಯ ಚೌಕ ಗಾಜಿನ ಡಬ್ಬಿಗೆ ಸುರಿಯಿರಿ. ಪ್ಲಾಸ್ಟಿಕ್ ಡಬ್ಬಿ ತನ್ನದೇ ಬಣ್ಣಗಳನ್ನು ತೋರಿಸಿ ದಾರಿ ತಪ್ಪಿಸುತ್ತದೆ. ಡಬ್ಬಿಯನ್ನು ಪರದೆಯ ಮುಂದೆ ಒಂದು ಪೀಠದ ಮೇಲಿಡಿ. ಕೀಲಿಮಣೆಯ ಮೇಲೆ ಇಡಬೇಡಿ, ಪಾಕ ಚೆಲ್ಲಿದರೆ ನಾನು ಹೊಣೆಯಲ್ಲ.

ಕನ್ನಡಕವನ್ನು ಸೊನ್ನೆ ಗುರುತಿಗೆ ತಂದು ಡಬ್ಬಿಯ ಮೂಲಕ ನೋಡಿ. ಸುತ್ತ ಪರದೆ ಕಪ್ಪಾಗಿರುತ್ತದೆ, ಪಾಕದೊಳಗೆ ಮಾತ್ರ ಬೆಳಕು ಉಕ್ಕಿರುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಯಾರಾದರೂ "ಅಯ್ಯೋ!" ಎನ್ನದಿದ್ದರೆ ನನಗೆ ಆಶ್ಚರ್ಯ. ಈಗ ಕನ್ನಡಕವನ್ನು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಸುತ್ತ ಹೋಗಿ. ಪಾಕ ತಿಳಿನೀಲಿಗೆ, ಅಲ್ಲಿಂದ ಮಬ್ಬು ನೇರಳೆಗೆ, ಅಲ್ಲಿಂದ ಕೆಂಪು ಛಾಯೆಗೆ ಹೊರಳುತ್ತದೆ. ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ತಿರುಗುವುದರಿಂದ ಎಲ್ಲ ಬಣ್ಣಗಳೂ ಒಟ್ಟಿಗೆ ಆರುವುದಿಲ್ಲ. ನೇರಳೆಯ ಕಡೆ ನಿಲ್ಲಿಸಿ ಕೋನ ಓದಿ. ಡಬ್ಬಿಯ ಒಳ ಅಗಲ 8 ಸೆಂ.ಮೀ. ಇದ್ದರೆ ಸುಮಾರು 47 ಡಿಗ್ರಿ ಬರಬೇಕು.

ಮೊಮ್ಮಗಳು ಬುದ್ಧಿವಂತೆ. "ಬಲಕ್ಕೆ 47 ಎಂದರೂ ಎಡಕ್ಕೆ 133 ಎಂದರೂ ಕನ್ನಡಕ ನಿಲ್ಲುವುದು ಒಂದೇ ಕಡೆ, ಬಲ ಎಂದು ಹೇಗೆ ಹೇಳುತ್ತೀರಿ?" ಎಂದಳು. ಪ್ರಯೋಗಾಲಯದ ಉತ್ತರವೇ ಇದಕ್ಕೂ: ನೀರು ಹಾಕಿ. ಪಾಕದಲ್ಲಿ ಅರ್ಧವನ್ನು ತೆಗೆದು ಬೇರೆ ಪಾತ್ರೆಯಲ್ಲಿಡಿ, ಉಳಿದುದಕ್ಕೆ ಅಷ್ಟೇ ನೀರು ಬೆರೆಸಿ. ಓದು ಸುಮಾರು 23ಕ್ಕೆ ಇಳಿಯುತ್ತದೆ. ನಿಜವಾಗಿ ಎಡಕ್ಕೆ 133 ಆಗಿದ್ದರೆ ಎಡಕ್ಕೆ 66 ಆಗಬೇಕಿತ್ತು.

ಈಗ ಆ ತೆಳು ಪಾಕಕ್ಕೆ ಬಟ್ಟೆಯಲ್ಲಿ ಸೋಸಿದ ಎರಡು ಚಮಚ ನಿಂಬೆರಸ ಹಾಕಿ, ಪಾತ್ರೆಯಲ್ಲಿ ಮಟ್ಟ ಗುರುತು ಮಾಡಿಕೊಂಡು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ. ಆವಿಯಾದಷ್ಟು ನೀರನ್ನು ಮತ್ತೆ ಗುರುತಿನವರೆಗೆ ತುಂಬಿ. ಪೂರ್ತಿ ತಣಿಸಿ ಡಬ್ಬಿಗೆ ಸುರಿದು ನೋಡಿ. ನಮ್ಮ ಮನೆಯಲ್ಲಿ ಸೊನ್ನೆಯನ್ನು ದಾಟಿ ಸ್ವಲ್ಪ ಎಡಕ್ಕೇ ಬಂದಿತ್ತು. ಎಲ್ಲ ಸಕ್ಕರೆಯೂ ಒಡೆದರೆ ಎಡಕ್ಕೆ 7 ಡಿಗ್ರಿಯವರೆಗೆ ಹೋಗಬೇಕು. ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ವಿಶಿಷ್ಟ ಆವರ್ತನೆ ನೋಡಿದರೆ ಗ್ಲೂಕೋಸ್ ಬಲಕ್ಕೆ ಸುಮಾರು 52, ಫ್ರಕ್ಟೋಸ್ ಎಡಕ್ಕೆ ಸುಮಾರು 92. ಎಡವೇ ಗೆಲ್ಲುತ್ತದೆ. ಅಂದು ಮಧ್ಯಾಹ್ನ ನನ್ನ ಪೋಲ್ ಇಳಿದದ್ದು ಇದಕ್ಕೇ. ಜೇನುತುಪ್ಪ ಸಾಮಾನ್ಯವಾಗಿ ಎಡಕ್ಕೆ ತಿರುಗಿಸುವುದೂ ಇದಕ್ಕೇ.

ಎರಡು ಖಾತೆ

ಮೂರನೇ ದಿನ ಮೊಮ್ಮಗಳ ಪ್ರಶ್ನೆಗೆ ವಾಪಸ್ ಬಂದೆವು. ಈ ಫ್ರಕ್ಟೋಸ್‌ನ ಹೆಸರೇನು ಎಂದು ಪುಸ್ತಕದಲ್ಲಿ ನೋಡು ಎಂದೆ. "ಡಿ ಫ್ರಕ್ಟೋಸ್" ಎಂದು ಓದಿದಳು. ಡಿ ಎಂದರೆ ಬಲ ಎಂದು ಉರು ಹೊಡೆದಿದ್ದವಳು ಕಣ್ಣೆದುರು ಅದು ಎಡಕ್ಕೆ ಎಳೆಯುವುದನ್ನು ಆಗಷ್ಟೇ ನೋಡಿದ್ದಳು. ಡಿ, ಎಲ್ ಎಂಬುದು ಗ್ಲಿಸರಾಲ್ಡಿಹೈಡ್ ಎಂಬ ಅಣುವಿನ ನೆಂಟಸ್ತಿಕೆಯ ಗುರುತು. ಆರ್, ಎಸ್ ಎಂಬುದು ತೊಟ್ಟು ಹಿಡಿದು ನೋಡಿದ ಗುರುತು. ಎರಡೂ ಆಕಾರದ ಖಾತೆಗೆ ಸೇರಿದವು. ಆದರೆ ಅವೂ ಒಂದಕ್ಕೊಂದು ಜೋಡಿಯಲ್ಲ: ನಮ್ಮ ಪ್ರೋಟೀನಿನ ಎಲ್ ಅಮೈನೋ ಆಮ್ಲಗಳು ಸಾಮಾನ್ಯವಾಗಿ ಎಸ್, ಆದರೆ ಎಲ್ ಸಿಸ್ಟೀನ್‌ನಲ್ಲಿ ಗಂಧಕ ಬಂದು ಮಣೆ ಕಿತ್ತುಕೊಳ್ಳುವುದರಿಂದ ಅದು ಆರ್. ಬಲಕ್ಕೆ ತಿರುಗಿಸಿದರೆ ಹಾಕುವ ಕೂಡು ಗುರುತು, ಎಡಕ್ಕೆ ತಿರುಗಿಸಿದರೆ ಹಾಕುವ ಕಳೆ ಗುರುತು ಮಾತ್ರ ಬೆಳಕಿನ ಖಾತೆ. ಅದನ್ನು ಹೆಸರಿನಿಂದ ಹೇಳಲಾಗದು, ಅಳೆಯಲೇಬೇಕು.

ಅವಳಿಗೆ ಪೂರ್ತಿ ಒಪ್ಪಿಗೆಯಾದದ್ದು ಲ್ಯಾಕ್ಟಿಕ್ ಆಮ್ಲಕ್ಕೆ ಮರಳಿದಾಗ. ಸ್ನಾಯುವಿನ ಎಸ್ ಲ್ಯಾಕ್ಟಿಕ್ ಆಮ್ಲ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದಕ್ಕೆ ಕ್ಷಾರ ಬೆರೆಸಿ ಸೋಡಿಯಂ ಲವಣ ಮಾಡಿದರೆ, ಕೈರಲ್ ಇಂಗಾಲದ ಒಂದು ಕಡ್ಡಿಯನ್ನೂ ಯಾರೂ ಮುಟ್ಟಿಲ್ಲ, ಈಗಲೂ ಎಸ್ಸೇ, ಆದರೆ ಬೆಳಕು ಎಡಕ್ಕೆ ತಿರುಗುತ್ತದೆ. ಒಣಗಿ ಬಿರುಕು ಬಿಟ್ಟಿದ್ದ ಹಿಟ್ಟಿನ ಉಂಡೆಯನ್ನು ಅವಳು ತೊಟ್ಟು ಹಿಡಿದು ಇನ್ನೊಮ್ಮೆ ತಿರುಗಿಸಿ ನೋಡಿದಳು. ದ್ರಾಕ್ಷಿಯನ್ನು ಅಷ್ಟರಲ್ಲಿ ಯಾರೋ ತಿಂದಿದ್ದರು.

ತೆಗೆದಿಟ್ಟ ಅರ್ಧ ಪಾಕವನ್ನು ಚೆಲ್ಲಬೇಡಿ. ನನ್ನ ಹೆಂಡತಿ ಅದಕ್ಕೆ ಏಲಕ್ಕಿ ಹಾಕಿ, ಒಲೆಯ ಮೇಲಿಟ್ಟು, ನಾಲ್ಕು ಹನಿ ನಿಂಬೆರಸ ಹಿಂಡಿ ಜಾಮೂನು ಮಾಡಿದಳು. ನಿಂಬೆರಸ ಏಕೆ ಎಂದು ಮೊಮ್ಮಗಳು ಕೇಳಿದಳು. "ಇಲ್ಲದಿದ್ದರೆ ಪಾಕ ಸಕ್ಕರೆಗಟ್ಟುತ್ತದೆ" ಎಂದಳು ಅವಳ ಅಜ್ಜಿ, "ನಮ್ಮ ಅತ್ತೆ ಹೇಳಿಕೊಟ್ಟದ್ದು."

"ಅಜ್ಜಿ, ಒಂದು ನಿಮಿಷ" ಎಂದು ಮೊಮ್ಮಗಳು ಕನ್ನಡಕ ತರಲು ಎದ್ದಳು.